ಸಂಚಿಯ ಬಾಯಿಗೊಂದು ದಾರ

ಹೊಲಿಗೆ ಎಂಬ ಮಾತಿಗೆ ಕೊಳ್ಳೇಗಾಲದವರು ಹೆದರಬಾರದು. ರೇಷ್ಮೆ ಸೀರೆ ನೇಯುವ ಊರು ನಮ್ಮದು. ನೂಲು, ಗಂಟು, ಅಂಚು, ಕುಚ್ಚು ಇವೇ ಇಲ್ಲಿನ ಅರ್ಧ ಮಾತುಕತೆ. ಆದರೂ "ಬಸುರಿಗೆ ಹೊಲಿಗೆ ಹಾಕಿದ್ದಾರಂತೆ" ಎಂಬ ಸುದ್ದಿ ಬಂದರೆ ಬೀದಿಯ ಹೆಂಗಸರೆಲ್ಲ ದನಿ ತಗ್ಗಿಸುತ್ತಾರೆ. ಎಲ್ಲಿಗೆ ಹಾಕಿದರು, ಯಾಕೆ ಹಾಕಿದರು, ಇನ್ನು ಆಕೆ ಎದ್ದು ಓಡಾಡಬಹುದೋ ಬೇಡವೋ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳದೆ ಇರುವುದರಿಂದ ಊಹೆಗಳು ಬೆಳೆಯುತ್ತವೆ. ಆ ಊಹೆಗಳಿಂದ ಒಮ್ಮೊಮ್ಮೆ ಯಾರದೋ ಓದೇ ನಿಂತುಹೋಗುತ್ತದೆ.

ಕೊನೆಯ ಮಾತನ್ನು ಸುಮ್ಮನೆ ಹೇಳಲಿಲ್ಲ. ನಾನು ಕಾಲೇಜಿನಲ್ಲಿ ಬಹಳ ವರ್ಷ ಕನ್ನಡ ಪಾಠ ಹೇಳಿದವಳು. ಹನೂರು, ಯಳಂದೂರು ಕಡೆಗಳಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗಿಯರು ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಒಂದು ವರ್ಷ ರಾಮಾಪುರದ ಕಡೆಯ ದ್ವಿತೀಯ ಪಿಯುಸಿ ಹುಡುಗಿಯೊಬ್ಬಳು ಎರಡು ವಾರ ನಾಪತ್ತೆಯಾದಳು. ಬಂದ ದಿನ ಯಾಕಮ್ಮ ಎಂದು ಕೇಳಿದೆ. "ಅಕ್ಕನ್ಗ ಹೊಲ್ಗ ಹಾಕವ್ರ ಮೇಡಂ. ಅವ್ಳು ಏಳಂಗಿಲ್ವಂತ. ಮನ ಕೆಲ್ಸ ಎಲ್ಲಾ ನಂದೇ" ಎಂದಳು. ತರಗತಿ ಖಾಲಿಯಾದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಒಳಗ ಮಗ ಉಸುರಾಡಕ ಆದ್ದಾ ಮೇಡಂ?"

ಆ ಮಗುವಿಗೆ ಉತ್ತರ ಹೇಳಲು ನನಗೆ ಪುಸ್ತಕ ಬೇಕಾಗಿರಲಿಲ್ಲ. 1996ರಲ್ಲಿ ಅದೇ ಹೊಲಿಗೆ ನನಗೂ ಬಿದ್ದಿತ್ತು. ಅವಳಿಗೆ ಅಂದು ಹೇಳಿದ್ದನ್ನೇ, ಆಮೇಲೆ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಓದುವ ಮಕ್ಕಳೂ ಓದಲಿ, ಅವರ ಅಪ್ಪ ಅಮ್ಮಂದಿರೂ ಓದಲಿ.

ನನ್ನ ಮೊದಲ ಬಸಿರು 1993ರಲ್ಲಿ ಐದು ತಿಂಗಳು ತುಂಬುವ ಹೊತ್ತಿಗೆ ಹೋಯಿತು. ನೋವಿರಲಿಲ್ಲ. ಸೊಂಟದಲ್ಲಿ ಒಂದು ಬಗೆಯ ಭಾರ, ಕೆಳಗೆ ಏನೋ ಒತ್ತಿದಂತೆ, ನೀರಿನಂಥ ಬಿಳುಪು, ಅಷ್ಟೇ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗರ್ಭದ ಬಾಯಿ ತೆರೆದಾಗಿತ್ತು. ಮಗುವಿಗೆ ಜೀವವಿತ್ತು, ಹೊರಗೆ ಬದುಕುವಷ್ಟು ಬೆಳೆದಿರಲಿಲ್ಲ. 1994ರಲ್ಲಿ ಅದೇ ಐದನೆಯ ತಿಂಗಳು, ಅದೇ ರೀತಿ. ಮೊದಲ ಸಲ ನಾನು ಬಿಂದಿಗೆ ಎತ್ತಿದ್ದು ಕಾರಣ ಎಂದರು. ಎರಡನೆಯ ಸಲ ನಾನು ಬಿಂದಿಗೆ ಮುಟ್ಟಿರಲೇ ಇಲ್ಲ. ಆಗ ಬಸ್ಸು ಹತ್ತಿದ್ದು ಕಾರಣವಾಯಿತು. ಬಸ್ಸೂ ಹತ್ತದಿದ್ದರೆ ಪರಂಗಿ ಹಣ್ಣೋ ಗ್ರಹಣವೋ ಸಿಗುತ್ತಿತ್ತು. ಒಟ್ಟಿನಲ್ಲಿ ಬಸಿರು ಹೊತ್ತವಳೇ ಏನೋ ಮಾಡಿಕೊಂಡಿರಬೇಕು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ.

ಮೈಸೂರಿನ ಹಿರಿಯ ಲೇಡಿ ಡಾಕ್ಟರೊಬ್ಬರು ಮಾತ್ರ ಬಿಂದಿಗೆ, ಬಸ್ಸು ಏನನ್ನೂ ಕೇಳಲಿಲ್ಲ. ಅವರು ಕೇಳಿದ್ದು ಮೂರೇ ಪ್ರಶ್ನೆ. ಎಷ್ಟನೆಯ ವಾರ? ನೋವು ಮೊದಲು ಬಂತೋ, ನೀರು ಮೊದಲು ಹೋಯಿತೋ? ಮಗು ಹುಟ್ಟಿದಾಗ ಜೀವವಿತ್ತೋ ಇಲ್ಲವೋ? ಉತ್ತರ ಕೇಳಿ, "ನಿನ್ನ ಮಗುವಿನಲ್ಲಿ ದೋಷವಿರಲಿಲ್ಲ ಕಣಮ್ಮ, ಬಾಗಿಲು ಸಡಿಲ" ಎಂದರು. ಹಾಗಾಗಿ ಮಗಳೋ ಸೊಸೆಯೋ ಬಸಿರು ಕಳೆದುಕೊಂಡಾಗ ದುಃಖದ ನಡುವೆಯೇ ಯಾರಾದರೊಬ್ಬರು ಈ ಮೂರನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ಮುಂದಿನ ಸಲ ಡಾಕ್ಟರಿಗೆ ಬೇಕಾಗುವುದು ಅದೇ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಬರೆಯುವ ಕೆಲಸ ಅವರದಾಗಲಿ.

ಸಡಿಲ ಎಂದರೇನು? ಹಳೆಯ ಕಾಲದ ಅಜ್ಜಿಯರ ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ ಇರುತ್ತಿತ್ತಲ್ಲ, ಗರ್ಭಕೋಶವನ್ನು ಹಾಗೆ ಊಹಿಸಿಕೊಳ್ಳಿ. ತಲೆಕೆಳಗಾಗಿ ನೇತುಹಾಕಿದ ಸಂಚಿ. ಅದರ ಕಿರಿದಾದ ಕತ್ತೇ ಗರ್ಭಕಂಠ. ಬಸಿರಿನ ನಡುಗಾಲದಲ್ಲಿ ಆ ಕತ್ತು ಸಾಮಾನ್ಯವಾಗಿ ಮೂರು ನಾಲ್ಕು ಸೆಂಟಿಮೀಟರ್ ಉದ್ದವಿದ್ದು ಗಟ್ಟಿಯಾಗಿ ಮುಚ್ಚಿರುತ್ತದೆ. ಹೆರಿಗೆಯ ಕಾಲಕ್ಕೆ ಮೆತ್ತಗಾಗಿ, ಕಿರಿದಾಗಿ, ತೆರೆದುಕೊಳ್ಳುತ್ತದೆ. ಕೆಲವರಲ್ಲಿ ಇದು ನಾಲ್ಕು, ಐದು, ಆರನೆಯ ತಿಂಗಳಲ್ಲೇ ನೋವಿಲ್ಲದೆ ನಡೆದುಬಿಡುತ್ತದೆ. ಹಿಂದಿನ ಹೆರಿಗೆಯಲ್ಲಿ ಹರಿದಿರಬಹುದು, ಗರ್ಭಕಂಠಕ್ಕೆ ಶಸ್ತ್ರಚಿಕಿತ್ಸೆ ಆಗಿರಬಹುದು, ಹುಟ್ಟಿನಿಂದಲೇ ಆ ಭಾಗ ದುರ್ಬಲವಾಗಿರಬಹುದು. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ. ಬಿಂದಿಗೆಯಂತೂ ಅಲ್ಲ.

ಸಂಚಿಯ ಬಾಯಿಗೆ ಸುತ್ತ ದಾರ ಪೋಣಿಸಿ ಎಳೆದರೆ ಮುಚ್ಚಿಕೊಳ್ಳುತ್ತದೆ. ಡಾಕ್ಟರು ಮಾಡುವುದೂ ಅಷ್ಟೇ. ಹೊಲಿಗೆ ಬೀಳುವುದು ಕತ್ತಿನ ಸುತ್ತ. ಹೊಟ್ಟೆಗಲ್ಲ, ಮಗುವಿರುವ ನೀರಿನ ಚೀಲಕ್ಕಲ್ಲ, ಮಗುವಿಗಂತೂ ಅಲ್ಲವೇ ಅಲ್ಲ. ಗರ್ಭದಲ್ಲಿರುವ ಮಗು ಮೂಗಿನಿಂದ ಗಾಳಿ ಎಳೆಯುವುದಿಲ್ಲ. ಅದಕ್ಕೆ ಬೇಕಾದದ್ದೆಲ್ಲ ತಾಯಿಯ ರಕ್ತದಿಂದ ಹೊಕ್ಕುಳಬಳ್ಳಿಯ ಮೂಲಕ ಸಿಗುತ್ತದೆ. ರಾಮಾಪುರದ ಹುಡುಗಿಗೆ ಇದನ್ನು ಹೇಳಿದಾಗ ಅವಳ ಮುಖ ಅರಳಿತು.

ಸಂಚಿಯ ಹೋಲಿಕೆ ನನಗೆ ಹೊಳೆದದ್ದು ಪಾಠದ ನಡುವೆ. ಯಳಂದೂರಿನ ಹೆಣ್ಣುಮಗಳು ಹೊನ್ನಮ್ಮ, ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದು ಸಂಚಿಯ ಹೊನ್ನಮ್ಮ ಎನಿಸಿದಳು. 'ಹದಿಬದೆಯ ಧರ್ಮ' ಬರೆದಳು. ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸುವವರನ್ನು ಮುನ್ನೂರು ವರ್ಷದ ಹಿಂದೆಯೇ ಪ್ರಶ್ನಿಸಿದವಳು. ಅವಳ ಊರಿನ ಹೆಣ್ಣುಮಕ್ಕಳು ತಮ್ಮ ಮೈಯ ವಿಷಯವನ್ನು ಪಿಸುಮಾತಿನಲ್ಲಿ ಕೇಳಬೇಕಾಗಿರುವುದು ನನಗೆ ಸರಿಕಾಣುವುದಿಲ್ಲ.

ಈ ಹೊಲಿಗೆ ಹೊರದೇಶದಿಂದ ಬಂದದ್ದು ಎಂದು ಅನೇಕರು ತಿಳಿದಿದ್ದಾರೆ. ಅದಕ್ಕೆ ಹೆಸರು ತಂದವರು ನಮ್ಮ ನೆರೆಯವರು. ಗೋವೆಯ ಶಿರೋಡಾದಲ್ಲಿ ಹುಟ್ಟಿದ ಡಾ. ವಿಠ್ಠಲ ನಾಗೇಶ ಶಿರೋಡ್ಕರ್ ಬೊಂಬಾಯಿಯಲ್ಲಿ ಸ್ತ್ರೀರೋಗ ತಜ್ಞರಾಗಿದ್ದರು. ಮೇಲಿಂದ ಮೇಲೆ ನಡುಗಾಲದಲ್ಲಿ ಬಸಿರು ಕಳೆದುಕೊಳ್ಳುವ ಹೆಂಗಸರಿಗೆ ತಾವು ಮಾಡುತ್ತಿದ್ದ ಶಸ್ತ್ರಕ್ರಿಯೆಯನ್ನು 1955ರಲ್ಲಿ ಪ್ರಕಟಿಸಿದರು. ಮೊದಮೊದಲು ಅವರು ಬಳಸಿದ್ದು ದಾರವನ್ನಲ್ಲ, ತೊಡೆಯಿಂದ ತೆಗೆದ ಗಟ್ಟಿ ಪೊರೆಯ ಪಟ್ಟಿಯನ್ನು. 1957ರಲ್ಲಿ ಆಸ್ಟ್ರೇಲಿಯಾದ ಡಾ. ಇಯಾನ್ ಮ್ಯಾಕ್‌ಡೊನಾಲ್ಡ್ ಇನ್ನೂ ಸರಳವಾದ, ಸಂಚಿಯ ದಾರದಂಥ ಹೊಲಿಗೆಯನ್ನು ತಿಳಿಸಿದರು. ಇಂದು ಜಗತ್ತಿನ ಎಲ್ಲ ಕಡೆ ಈ ಇಬ್ಬರ ಹೆಸರಿನ ಹೊಲಿಗೆಗಳೇ ನಡೆಯುತ್ತಿವೆ. ಶಿರೋಡ್ಕರ್ ಅವರಿಗೆ 1971ರಲ್ಲಿ ಪದ್ಮವಿಭೂಷಣ ಬಂತು. ದಾರ ಯಾವುದು ಎಂದು ನಮ್ಮ ನೇಕಾರರ ಬೀದಿಯಲ್ಲಿ ಕೇಳುವುದುಂಟು. ಶಸ್ತ್ರಕ್ರಿಯೆಗೆ ರೇಷ್ಮೆ ದಾರ ಬಳಸುತ್ತಿದ್ದದ್ದು ನಿಜವೇ. ಈ ಹೊಲಿಗೆಗೆ ಈಗ ಹೆಚ್ಚಾಗಿ ಪಾಲಿಯೆಸ್ಟರ್ ಪಟ್ಟಿ ಇಲ್ಲವೇ ನೈಲಾನ್ ಜಾತಿಯ ದಾರ. ತಾನಾಗಿ ಕರಗುವುದಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಾಗೆಂದು ಬಸಿರು ನಿಲ್ಲದವರಿಗೆಲ್ಲ ಹೊಲಿಗೆಯೇ ಮದ್ದು ಎಂದುಕೊಳ್ಳಬೇಡಿ. ಬಹುಪಾಲು ಗರ್ಭಪಾತಗಳು ಮೊದಲ ಮೂರು ತಿಂಗಳೊಳಗೆ ಆಗುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಭ್ರೂಣದಲ್ಲೇ ಇರುವ ದೋಷ ಕಾರಣ. ಬಾಗಿಲು ಮುಚ್ಚಿ ಅದನ್ನು ಸರಿಮಾಡಲಾಗದು. ಅವಳಿ ಮಕ್ಕಳು ಎಂಬ ಒಂದೇ ಕಾರಣಕ್ಕೂ ಹಾಕುವುದಿಲ್ಲ. 1993ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪರೀಕ್ಷೆಯಲ್ಲಿ, ಹೊಲಿಗೆ ಬೇಕೋ ಬೇಡವೋ ಎಂದು ಡಾಕ್ಟರಿಗೇ ಅನುಮಾನವಿದ್ದ 1292 ಹೆಂಗಸರನ್ನು ಗಮನಿಸಿದರು. 33 ವಾರಕ್ಕೂ ಮೊದಲೇ ಆಗುವ ಒಂದು ಹೆರಿಗೆಯನ್ನು ತಪ್ಪಿಸಲು ಸುಮಾರು 25 ಹೊಲಿಗೆ ಬೇಕಾಯಿತು. ಹೆಚ್ಚು ಉಪಯೋಗವಾದದ್ದು ಮೂರು ಅಥವಾ ಹೆಚ್ಚು ಸಲ ಹಾಗೆ ಕಳೆದುಕೊಂಡವರಿಗೆ, ಇಲ್ಲವೇ ಅಕಾಲದಲ್ಲಿ ಹೆತ್ತವರಿಗೆ. ಆದ್ದರಿಂದ ಈಗ ಎಷ್ಟೋ ಕಡೆ ತಕ್ಷಣ ಹೊಲಿಗೆಗೆ ಕೈ ಹಾಕದೆ, 16ರಿಂದ 24 ವಾರದವರೆಗೆ ಒಳಗಿನಿಂದ ಸ್ಕ್ಯಾನ್ ಮಾಡಿ ಕತ್ತಿನ ಉದ್ದ ಅಳೆಯುತ್ತಾ ಹೋಗುತ್ತಾರೆ. ಹಿಂದೆ ತೊಂದರೆಯಾದವರಲ್ಲಿ ಅದು 25 ಮಿಲಿಮೀಟರಿಗಿಂತ ಕಡಿಮೆಯಾದರೆ ಹೊಲಿಗೆಯ ಮಾತು. ಕೆಲವರಿಗೆ ಪ್ರೊಜೆಸ್ಟರಾನ್ ಮಾತ್ರೆಯೇ ಸಾಕಾಗುತ್ತದೆ. "ನಮ್ಮ ಮಗಳಿಗೆ ಯಾವ ಕಾರಣಕ್ಕೆ ಹಾಕುತ್ತಿದ್ದೀರಿ ಡಾಕ್ಟ್ರೇ?" ಎಂದು ಕೇಳುವುದರಲ್ಲಿ ಅವಿಧೇಯತೆ ಏನೂ ಇಲ್ಲ. ನೋವು ಶುರುವಾಗಿದ್ದರೆ, ನೀರು ಹೋಗಿದ್ದರೆ, ರಕ್ತ ಸುರಿಯುತ್ತಿದ್ದರೆ, ಸೋಂಕಿದ್ದರೆ ಹಾಕುವುದಿಲ್ಲ, ಬೇಡಿಕೊಂಡರೂ ಹಾಕಬಾರದು.

ನನಗೆ ಹಾಕಿದ್ದು 13ನೆಯ ವಾರದಲ್ಲಿ. ಹಿಂದೆ ಕಳೆದುಕೊಂಡವರಿಗೆ ಸಾಮಾನ್ಯವಾಗಿ 12ರಿಂದ 14 ವಾರದೊಳಗೆ, ಮಗುವಿನ ಎದೆಬಡಿತ ಸರಿಯಿದೆಯೇ ಎಂದು ಸ್ಕ್ಯಾನಿನಲ್ಲಿ ನೋಡಿಕೊಂಡು ಹಾಕುತ್ತಾರೆ. ಆಗ ಕೊಳ್ಳೇಗಾಲ ಮೈಸೂರು ಜಿಲ್ಲೆಯಲ್ಲೇ ಇತ್ತು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಹಿಂದಿನ ದಿನವೇ ನರಸೀಪುರದ ಮೇಲೆ ಮೈಸೂರಿಗೆ ಹೋಗಿ ಉಳಿದೆವು. ಬೆಳಿಗ್ಗೆ ಬರಿಹೊಟ್ಟೆ. ಬೆನ್ನಿಗೆ ಒಂದು ಸೂಜಿ. ಸೊಂಟದಿಂದ ಕೆಳಗೆ ಮರಗಟ್ಟಿತು. ಕಾಲನ್ನು ಎತ್ತಿ ಕಟ್ಟಿ ಮಲಗಿಸುತ್ತಾರೆ, ಅದೊಂದು ಮುಜುಗರ ಬಿಟ್ಟರೆ ಬೇರೆ ಕಷ್ಟವಿಲ್ಲ. ಹೊಟ್ಟೆ ಕೊಯ್ಯುವುದಿಲ್ಲ. ಅರ್ಧ ಗಂಟೆಯೊಳಗೆ ಮುಗಿಯಿತು. ಹೊರಗೆ ಇವರು ತಂದ ಕಾಫಿ ಆರುವ ಮೊದಲೇ ನನ್ನನ್ನು ವಾರ್ಡಿಗೆ ತಂದಿದ್ದರು ಎಂದು ಅತ್ತೆ ಆಮೇಲೆ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರು.

ಮೂರು ನಾಲ್ಕು ದಿನ ಚೂರು ಚೂರು ರಕ್ತದ ಕಲೆ, ಮುಟ್ಟಿನ ಹೊಟ್ಟೆನೋವಿನಂಥ ಹಿಂಡು, ಮೂತ್ರಕ್ಕೆ ಹೋದಾಗ ಉರಿ ಇದ್ದವು. ಆಮೇಲೆ ಬಿಳುಪು ಸ್ವಲ್ಪ ಹೆಚ್ಚೇ ಇರುತ್ತದೆ. ದಾರ ಒಳಗಿರುವವರೆಗೆ ಅದು ಸಹಜ. ಕೆಲವರನ್ನು ಅದೇ ದಿನ ಕಳಿಸುತ್ತಾರೆ, ಕೆಲವರನ್ನು ಒಂದೆರಡು ದಿನ ಇಟ್ಟುಕೊಳ್ಳುತ್ತಾರೆ. ಅಪಾಯ ಇಲ್ಲವೇ ಇಲ್ಲ ಎಂದಲ್ಲ. ಸೋಂಕು ತಗಲಬಹುದು, ನೀರಿನ ಚೀಲ ಒಡೆಯಬಹುದು, ಎಲ್ಲ ಸರಿಯಾಗಿ ಮಾಡಿದರೂ ಬಸಿರು ನಿಲ್ಲದಿರಬಹುದು. ನನ್ನ ಪಕ್ಕದ ಮಂಚದ ಹೆಣ್ಣುಮಗಳಿಗೆ ಹಾಗೇ ಆಯಿತು. ಅವಳ ತಾಯಿ ಕಾರಿಡಾರಿನಲ್ಲಿ ನಿಂತು ಯಾರನ್ನೂ ಬೈಯದೆ ಸುಮ್ಮನೆ ಸೆರಗು ಹಿಂಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಇನ್ನು ಮನೆಯ ವಿಷಯ. ನಮ್ಮ ಕಡೆ ಹೊಲಿಗೆ ಬಿದ್ದವಳನ್ನು ಮಂಚಕ್ಕೆ ಕಟ್ಟಿಹಾಕಿದಂತೆಯೇ ಸರಿ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು, ಊಟ ಸ್ನಾನ ಎಲ್ಲ ಅಲ್ಲೇ ಎಂದು ಆರು ತಿಂಗಳು ಮಲಗಿಸುತ್ತಾರೆ. ನನ್ನ ಕಾಲದಲ್ಲಿ ಡಾಕ್ಟರುಗಳೂ ಹಾಗೇ ಹೇಳುತ್ತಿದ್ದರು, ನಾನೂ ಎರಡು ತಿಂಗಳು ರಜೆ ಹಾಕಿ ಮಲಗಿದ್ದೆ. ಈಗ ತಜ್ಞರ ಅಭಿಪ್ರಾಯ ಬದಲಾಗಿದೆ. ಸದಾ ಮಲಗಿರುವುದರಿಂದ ಬಸಿರು ಹೆಚ್ಚು ದಿನ ನಿಲ್ಲುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಬದಲಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಮೈಯ ಕಸುವು ಇಳಿಯುತ್ತದೆ, ಮನಸ್ಸು ಕುಗ್ಗುತ್ತದೆ. ಮೊದಲ ಕೆಲವು ದಿನ ವಿಶ್ರಾಂತಿ ಸರಿ. ಆಮೇಲೆ ಭಾರ ಎತ್ತುವುದು, ಗಂಟೆಗಟ್ಟಲೆ ನಿಲ್ಲುವುದು ಬಿಟ್ಟು ಮನೆಯೊಳಗೆ ಓಡಾಡಿಕೊಂಡಿರಬಹುದು. ಯಾರಿಗೆ ಎಷ್ಟು ಎಂಬುದನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು. ಗಂಡ ಹೆಂಡತಿ ಯಾವಾಗ ಸೇರಬಹುದು ಎಂಬುದನ್ನೂ ನಾಚಿಕೆ ಬಿಟ್ಟು ಅವರನ್ನೇ ಕೇಳಬೇಕು.

ಇಷ್ಟು ಒತ್ತಿ ಹೇಳುವುದೇಕೆಂದರೆ, ಅಕ್ಕ ಮಲಗಿದರೆ ತಂಗಿ ಕಾಲೇಜು ಬಿಡುತ್ತಾಳೆ. ಅಣ್ಣತಮ್ಮಂದಿರು ಬಿಟ್ಟದ್ದನ್ನು ನಾನು ಕಂಡಿಲ್ಲ. ಎರಡು ತಿಂಗಳು ಕಳೆದು ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗದ ಹುಡುಗಿಗೆ ಮುಂದೆ ಮನೆಯಲ್ಲಿ ಹುಡುಕುವುದು ಪುಸ್ತಕವನ್ನಲ್ಲ, ಗಂಡನ್ನು. ರಾಮಾಪುರದ ಹುಡುಗಿಯ ತಂದೆಯನ್ನು ಕಾಲೇಜಿಗೆ ಕರೆಸಿ ಮಾತಾಡಿದೆ. ಒಳ್ಳೆಯ ಮನುಷ್ಯ. "ಡಾಕ್ಟ್ರು ರೆಸ್ಟು ಅಂದ್ರು, ನಾವು ಏಳಂಗಿಲ್ಲ ಅಂದ್ಕಂಡೊ ಮೇಡಂ" ಎಂದರು. ಮತ್ತೆ ಹೋಗಿ ಕೇಳಿ ಬನ್ನಿ ಎಂದೆ. ಕೇಳಿ ಬಂದರು. ಅಕ್ಕ ಕೂತು ತರಕಾರಿ ಹೆಚ್ಚಿದಳು, ನೀರು ತರುವ ಕೆಲಸ ಅಣ್ಣನಿಗೆ ಬಿತ್ತು, ತಂಗಿ ಪರೀಕ್ಷೆ ಬರೆದಳು.

ಮಲಗಿಸುವುದಕ್ಕಿಂತ ನಿಗಾ ಇಡುವುದು ಮುಖ್ಯ. ನೀರು ಸೋರಿದರೆ, ರಕ್ತ ಕಂಡರೆ, ಬಿಳುಪಿಗೆ ಕೆಟ್ಟ ವಾಸನೆಯಿದ್ದರೆ, ಚಳಿಜ್ವರ ಬಂದರೆ, ಹೊಟ್ಟೆ ಬಿಟ್ಟು ಬಿಟ್ಟು ಗಟ್ಟಿಯಾಗಿ ನೋಯುತ್ತಿದ್ದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬಾರದು. ದಾರ ತಾನಾಗಿ ಕರಗದು ಎಂದೆನಲ್ಲ, ಅದರ ಅರ್ಥ ಇಲ್ಲಿದೆ. ಹೆರಿಗೆ ನೋವು ನಿಜವಾಗಿಯೂ ಶುರುವಾದರೆ ಮೇಲಿನಿಂದ ಗರ್ಭ ನೂಕುತ್ತದೆ, ಕೆಳಗೆ ಬಾಯಿ ಕಟ್ಟಿರುತ್ತದೆ. ಹೊಲಿಗೆ ಬಿಚ್ಚದಿದ್ದರೆ ಗರ್ಭಕಂಠವೇ ಹರಿದು ರಕ್ತಸ್ರಾವವಾಗಬಹುದು. ಹೊಲಿಗೆ ಇದೆ, ಮಗು ಎಲ್ಲಿ ಹೋಗುತ್ತದೆ ಎಂದು ನಿಶ್ಚಿಂತೆಯಿಂದ ಕೂರುವ ಮನೆಗಳನ್ನು ಕಂಡಿದ್ದೇನೆ. ಅದು ಬಹಳ ಅಪಾಯದ ನಿಶ್ಚಿಂತೆ.

ನಮ್ಮ ಸೀಮೆಗೆ ಈ ಮಾತು ಎರಡು ಪಟ್ಟು ಅನ್ವಯಿಸುತ್ತದೆ. ಹಿಂದೆ ಕೊಳ್ಳೇಗಾಲಕ್ಕೇ ಸೇರಿದ್ದ ಹನೂರು ಈಗ ಬೇರೆ ತಾಲ್ಲೂಕು. ಆದರೂ ಹೂಗ್ಯಂ, ಗೋಪಿನಾಥಂ, ಮಲೆ ಮಹದೇಶ್ವರ ಬೆಟ್ಟದ ಹಾಡಿ ಪೋಡುಗಳು, ಯಳಂದೂರಿನ ಮೇಲಿನ ಬಿಳಿಗಿರಿರಂಗನ ಬೆಟ್ಟ ಇವೆಲ್ಲ ಆಸ್ಪತ್ರೆಗೆ ಹತ್ತಿರವಾಗಿಲ್ಲ. 2008ರಿಂದ 108 ಆಂಬುಲೆನ್ಸ್ ಇದೆ, ಆದರೆ ಕಾಡಿನಂಚಿನ ಎಷ್ಟೋ ಕಡೆ ಫೋನು ಹಿಡಿದು ದಿಣ್ಣೆ ಹತ್ತಬೇಕು. ಹೀಗಾಗಿ ಏಳು ತಿಂಗಳಾದ ಮೇಲೆ ರಸ್ತೆ ಬದಿಯ ನೆಂಟರ ಮನೆಯಲ್ಲಿ ಉಳಿಯುವುದು ಜಾಣತನ. ಇನ್ನೊಂದು, ಬಸುರಿ ತವರಿಗೆ ಹೋಗುತ್ತಾಳೆ. ಹೊಲಿಗೆ ಹಾಕಿದ ಆಸ್ಪತ್ರೆ ಒಂದು ಕಡೆ, ಹೆರುವ ಆಸ್ಪತ್ರೆ ಇನ್ನೊಂದು ಕಡೆ. ತಾಯಿ ಕಾರ್ಡಿನ ಮೇಲೆ ಹೊಲಿಗೆ ಹಾಕಿದ ತಾರೀಖು, ಬಿಚ್ಚಬೇಕಾದ ವಾರ ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆಸಿ, ಡಿಸ್ಚಾರ್ಜ್ ಚೀಟಿಯನ್ನು ಅದರೊಳಗೇ ಇಡಿ. ಆಶಾ ಕಾರ್ಯಕರ್ತೆಗೂ ತಿಳಿಸಿ. 2016ರಲ್ಲಿ ಶುರುವಾದ ಯೋಜನೆಯಂತೆ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಉಚಿತ. ಅಲ್ಲಿಯೂ ಮೊದಲ ಮಾತಾಗಿ ಇದನ್ನೇ ಹೇಳಿ.

ಅತ್ತೆ ಮಾದಪ್ಪನಿಗೆ ಹರಕೆ ಹೊತ್ತಿದ್ದರು. ಹರಕೆಗೂ ಹೊಲಿಗೆಗೂ ಜಗಳವಿಲ್ಲ ಎಂಬುದು ನನ್ನ ಅಭಿಪ್ರಾಯ. ತಾಳುಬೆಟ್ಟದಿಂದ ಬಸುರಿಯೇ ನಡೆದು ಹತ್ತಬೇಕು ಎಂದಾಗ ಮಾತ್ರ ಜಗಳ ಬರುತ್ತದೆ. ನಮ್ಮತ್ತೆ ಬುದ್ಧಿವಂತೆ. "ನೀನು ಇಲ್ಲೇ ಇರವ್ವ, ಹೆತ್ತ ಮೇಲೆ ಮೂವರೂ ಹೋಗುವಾ, ಮಾದಪ್ಪ ಎಲ್ಲೂ ಹೋಗಲ್ಲ" ಎಂದರು.

ಹೊಲಿಗೆಯನ್ನು 36-37ನೆಯ ವಾರದಲ್ಲಿ ಬಿಚ್ಚುತ್ತಾರೆ. ಸಿಸೇರಿಯನ್ ಎಂದು ನಿಶ್ಚಯವಾಗಿದ್ದರೆ ಅದೇ ಹೊತ್ತಿಗೆ ತೆಗೆಯುವುದೂ ಉಂಟು. ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ. ಗಂಟು ಹಿಡಿದು ಕತ್ತರಿಸಿ ಎಳೆದರೆ ಆಯಿತು, ಕೆಲವು ನಿಮಿಷದ ಕೆಲಸ. ಹಾಕುವಾಗಿಗಿಂತ ಬಿಚ್ಚುವಾಗ ನನಗೆ ಹೆಚ್ಚು ನೋವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ, ಆದರೆ ತಾಳಬಹುದಾದ ನೋವು. ಬಿಚ್ಚಿದ ಗಳಿಗೆಯಲ್ಲೇ ಮಗು ಬಿದ್ದುಬಿಡುತ್ತದೆ ಎಂದು ನಮ್ಮ ತಾಯಿ ಬಾಗಿಲಲ್ಲೇ ಬಟ್ಟೆಯ ಗಂಟು ಹಿಡಿದು ನಿಂತಿದ್ದರು. ಹಾಗೇನೂ ಆಗಲಿಲ್ಲ. ಕೆಲವರಿಗೆ ಅದೇ ದಿನ ನೋವು ಬರುತ್ತದೆ, ಕೆಲವರಿಗೆ ವಾರಗಳೇ ಹಿಡಿಯುತ್ತವೆ. ನನಗೆ ಹನ್ನೆರಡು ದಿನದ ಮೇಲೆ ಬಂತು, ಮಾಮೂಲು ಹೆರಿಗೆ, ಹೆಣ್ಣು ಮಗು. ಎರಡೂಮುಕ್ಕಾಲು ಕಿಲೋ.

ಒಮ್ಮೆ ಹೊಲಿಗೆ ಬೇಕಾದವರಿಗೆ ಮುಂದಿನ ಬಸಿರಿಗೂ ಬೇಕಾಗಬಹುದು, ಆದ್ದರಿಂದ ಮುಟ್ಟು ನಿಂತ ಕೂಡಲೇ ತೋರಿಸಬೇಕು. 2000ದಲ್ಲಿ ಎರಡನೆಯ ಮಗುವಿಗೂ ಅದೇ 13ನೆಯ ವಾರಕ್ಕೆ ಹಾಕಿಸಿಕೊಂಡೆ. ಆ ಸಲ ರಜೆ ಹಾಕಿದ್ದು ಹದಿನೈದೇ ದಿನ. ಏಳು ತಿಂಗಳವರೆಗೆ ಕುರ್ಚಿಯಲ್ಲಿ ಕೂತೇ ಪಾಠ ಮಾಡಿದೆ. ಹುಡುಗರು ಕರಿಹಲಗೆಯ ಮೇಲೆ ನನ್ನ ಬದಲು ಬರೆದರು. 37ನೆಯ ವಾರ ಬೆಳಿಗ್ಗೆ ಬಿಚ್ಚಿಸಿಕೊಂಡು ಬಂದೆ, ರಾತ್ರಿ ಹತ್ತಕ್ಕೆ ಮಗ ಹುಟ್ಟಿದ.